ಸ್ನಾಯುಗಳ ದಣಿವು ಮತ್ತು ಸಬರ್‌ನ ಉಪದೇಶ

ಕೆಲವು ಕಾಯಿಲೆಗಳು ತಮ್ಮ ಸಾಕ್ಷಿಯನ್ನು ತಾವೇ ಹೊತ್ತು ತರುತ್ತವೆ. ಮುರಿದ ಕೈಗೆ ಬಿಳಿಯ ಪಟ್ಟಿ ಇರುತ್ತದೆ, ಕಾಮಾಲೆಗೆ ಹಳದಿ ಕಣ್ಣು ಇರುತ್ತದೆ, ಜ್ವರ ಬಂದವನ ಹಣೆಯ ಮೇಲೆ ಕೈಯಿಟ್ಟರೆ ಯಾರಿಗಾದರೂ ತಿಳಿಯುತ್ತದೆ. ಅಂತಹ ರೋಗಿಯನ್ನು ಸಂದರ್ಶಿಸಲು ಬರುವವರು ಬಾಗಿಲಲ್ಲೇ ದನಿ ತಗ್ಗಿಸುತ್ತಾರೆ. ಸ್ನಾಯುಗಳನ್ನು ವರ್ಷಗಟ್ಟಲೆ ಒಳಗೊಳಗೇ ಸವೆಸುವ ಕಾಯಿಲೆಗೆ ಅಂತಹ ಸಾಕ್ಷಿ ಇಲ್ಲ. ರೋಗಿಯ ಮುಖದಲ್ಲಿ ಕಳೆ ಇರುತ್ತದೆ, ಮಾತಿನಲ್ಲಿ ಚುರುಕು ಇರುತ್ತದೆ, ಕೆಲವರ ಮೀನಖಂಡಗಳಂತೂ ಪೈಲ್ವಾನನ ಕಾಲಿನಂತೆ ಉಬ್ಬಿಕೊಂಡಿರುತ್ತವೆ. ಆದರೆ ನೆಲದಿಂದ ಏಳಲು ಆತನಿಗೆ ಗೋಡೆ ಬೇಕು, ಬಸ್ಸಿನ ಮೊದಲ ಮೆಟ್ಟಿಲಿಗೆ ಇನ್ನೊಬ್ಬರ ಹೆಗಲು ಬೇಕು. ಇಂತಹವರೊಂದಿಗೆ ನಮ್ಮ ಸಮುದಾಯದ ಮಾತು ಮತ್ತು ನಡೆ ಹೇಗಿರಬೇಕೆಂಬುದು ಈ ಬರಹದ ವಿಷಯ. ನಮ್ಮ ಮನೆಯ ಐವರು ಮಕ್ಕಳಲ್ಲಿ ಇಬ್ಬರಿಗೆ ಈ ಕಾಯಿಲೆ ಇದೆ. ಆದ್ದರಿಂದ ನಾವು ದೂರದಿಂದ ನೋಡಿ ಬರೆಯುತ್ತಿಲ್ಲ.

ನಾವಿರುವುದು ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ಕಡೆ. ನಾಡಿನ ಜನ ಇದನ್ನು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಊರೆಂದು ಬಲ್ಲರು. ಲಾರಿ ಚಾಲಕರು ಕುಮಟಾಕ್ಕೆ ಇಳಿಯುವ ಘಟ್ಟದ ಹೆಸರಿನಿಂದ ಬಲ್ಲರು. ಇಲ್ಲಿ ಸಮತಟ್ಟಾದ ನೆಲ ಅಪರೂಪ. ಮನೆ ಮೇಲಿದ್ದರೆ ತೋಟ ಕೆಳಗೆ, ತೋಟ ದಾಟಿದರೆ ಹಳ್ಳ, ಹಳ್ಳದಾಚೆ ಮತ್ತೆ ಏರು. ಮೈಕೈ ನೋವು ಎಂಬುದು ಈ ಸೀಮೆಗೆ ಹೊಸದಲ್ಲ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈಚಿನ ವರ್ಷಗಳಲ್ಲಿ ನಮ್ಮ ತಾಲ್ಲೂಕನ್ನೂ ಕಾಡಿದೆ, ಅದರ ಸ್ನಾಯುನೋವು ಎಷ್ಟು ಕಠಿಣವೆಂಬುದನ್ನು ಕಾಡಂಚಿನ ಮನೆಗಳು ಬಲ್ಲವು. ಅಡಿಕೆ ಕೊಯ್ಲಿನ ದಿನಗಳಲ್ಲಿ ಕೂಲಿಯವನೂ ಮಾಲೀಕನೂ ರಾತ್ರಿ ಸೊಂಟ ಹಿಡಿದುಕೊಂಡೇ ಮಲಗುತ್ತಾರೆ. ಆದರೆ ಈ ನೋವುಗಳಿಗೆಲ್ಲ ಒಂದು ಕೊನೆ ಇದೆ. ನಿದ್ದೆಯಿಂದ, ಔಷಧದಿಂದ, ಕೊಯ್ಲು ಮುಗಿಯುವುದರಿಂದ ಅವು ಇಳಿಯುತ್ತವೆ. ಕೊನೆಯಿಲ್ಲದ ದಣಿವೊಂದಿದೆ ಎಂದು ಹೇಳಿದಾಗ ಕೇಳಿದವರು ತಮ್ಮ ಕೊಯ್ಲಿನ ದಣಿವಿನಿಂದಲೇ ಅದನ್ನು ಅಳೆಯುತ್ತಾರೆ. "ನಮಗೂ ಸುಸ್ತಾಗುವುದಿಲ್ಲವೇ?" ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ. ಅದರಲ್ಲಿ ಕೆಡುಕಿಲ್ಲ, ತಿಳಿವಳಿಕೆಯ ಕೊರತೆ ಮಾತ್ರ ಇದೆ.

ನಮ್ಮ ಆಪಾನಿಗೂ ಕಿರಿಯ ತಮ್ಮನಿಗೂ ಇರುವುದನ್ನು ವೈದ್ಯರು ಲಿಂಬ್ ಗರ್ಡಲ್ ಮಸ್ಕ್ಯುಲರ್ ಡಿಸ್ಟ್ರೊಫಿ ಎನ್ನುತ್ತಾರೆ. ಸೊಂಟ ಮತ್ತು ಭುಜದ ಸುತ್ತಲಿನ ದೊಡ್ಡ ಸ್ನಾಯುಗಳು ಇದರಲ್ಲಿ ಮೊದಲು ಸೋಲುತ್ತವೆ. ಇದರಲ್ಲಿಯೇ 30ಕ್ಕೂ ಹೆಚ್ಚು ಬಗೆಗಳಿವೆ, ಪ್ರತಿಯೊಂದಕ್ಕೂ ಬೇರೆ ಬೇರೆ ಜೀನ್ ಕಾರಣ. ಹಲವು ಬಗೆಗಳಲ್ಲಿ ನಡೆಯುವುದು ಹೀಗೆ: ಸ್ನಾಯುವಿನ ಪ್ರತಿ ಎಳೆಗೂ ಒಂದು ತೆಳುವಾದ ಪೊರೆ ಇದೆ. ಎಳೆ ಸಂಕುಚಿಸಿ ಹಿಗ್ಗುವಾಗಲೆಲ್ಲ ಆ ಪೊರೆ ಹರಿಯದಂತೆ ಹಿಡಿದಿಡುವ ಪ್ರೋಟೀನುಗಳಿವೆ. ಅವುಗಳಲ್ಲಿ ಒಂದು ಇಲ್ಲವಾದರೂ ದಿನನಿತ್ಯದ ಚಲನೆಯೇ ಪೊರೆಯನ್ನು ಹರಿಯತೊಡಗುತ್ತದೆ. ದೇಹ ರಿಪೇರಿ ಮಾಡುತ್ತದೆ, ಮತ್ತೆ ಹರಿಯುತ್ತದೆ, ಕ್ರಮೇಣ ರಿಪೇರಿಯ ಶಕ್ತಿಯೇ ಸೋತು ಸ್ನಾಯುವಿನ ಜಾಗದಲ್ಲಿ ಕೊಬ್ಬು ಮತ್ತು ನಾರು ತುಂಬಿಕೊಳ್ಳುತ್ತದೆ. ಉಬ್ಬಿದಂತೆ ಕಾಣುವ ಮೀನಖಂಡದ ಗುಟ್ಟು ಬಹುಮಟ್ಟಿಗೆ ಇದೇ.

ಇನ್ನು ದಣಿವಿನ ವಿಷಯ. ಹತ್ತು ಜನ ಹೊರಬೇಕಾದ ಅಡಿಕೆ ಮೂಟೆಗಳನ್ನು ನಾಲ್ವರು ಹೊರುತ್ತಿದ್ದಾರೆಂದು ಭಾವಿಸಿರಿ. ಕೆಲಸ ಆಗುತ್ತದೆ, ಹೊರಗಿನಿಂದ ನೋಡುವವನಿಗೆ ಮೂಟೆ ಅಟ್ಟಕ್ಕೆ ಸೇರಿದ್ದಷ್ಟೇ ಕಾಣುತ್ತದೆ. ಆ ನಾಲ್ವರು ಯಾವ ಸ್ಥಿತಿಯಲ್ಲಿದ್ದಾರೆಂದು ಯಾರೂ ಕೇಳುವುದಿಲ್ಲ. ಉಳಿದಿರುವ ಒಳ್ಳೆಯ ಎಳೆಗಳ ಪಾಡು ಹೀಗೆಯೇ. ನೀರಿನ ಕೊಡವನ್ನು ಎತ್ತುವುದು, ತಲೆ ಬಾಚಿಕೊಳ್ಳುವುದು, ಮಗುವನ್ನು ಕಂಕುಳಲ್ಲಿ ಇಟ್ಟುಕೊಳ್ಳುವುದು ನಿಮಗೆ ಕೆಲಸವೆಂದೇ ಅನ್ನಿಸದೆ ಇರಬಹುದು. ಅವರ ಸ್ನಾಯುಗಳಿಗೆ ಅದು ತಮ್ಮ ಮಿತಿಯ ಅಂಚು. ಇಂದು ಮಿತಿ ದಾಟಿದರೆ ನೋವು ಇಂದೇ ಬರಬೇಕೆಂದಿಲ್ಲ. ನಾಳೆ ಬರುತ್ತದೆ, ನಾಡಿದ್ದಿನವರೆಗೂ ಇರುತ್ತದೆ. ಮದುವೆ ಮನೆಯಲ್ಲಿ ನಗುತ್ತಾ ಓಡಾಡಿದವಳು ಮರುದಿನ ಹಾಸಿಗೆಯಿಂದ ಏಳದಿದ್ದುದನ್ನು ಕಂಡವರು "ನಿನ್ನೆ ಚೆನ್ನಾಗಿಯೇ ಇದ್ದಳಲ್ಲ" ಎನ್ನುತ್ತಾರೆ. ನಿನ್ನೆ ಚೆನ್ನಾಗಿದ್ದುದರ ಬೆಲೆಯನ್ನೇ ಆಕೆ ಇಂದು ಕೊಡುತ್ತಿರುತ್ತಾಳೆ.

ಮಲೆನಾಡಿನವರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿ ಇದೆ. ಏರು ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂದು ನಾವೆಲ್ಲ ಎಣಿಸುತ್ತೇವೆ. ಉಸಿರಿನ ಮಟ್ಟಿಗೆ ಅದು ನಿಜ. ಆದರೆ ಇಳಿಯುವಾಗ ತೊಡೆಯ ಸ್ನಾಯು ಬಿಗಿಯಾಗಿ ಹಿಡಿದುಕೊಂಡೇ ಹಿಗ್ಗಬೇಕಾಗುತ್ತದೆ, ದುರ್ಬಲವಾದ ಪೊರೆಗೆ ಅತಿ ಹೆಚ್ಚು ಹಾನಿ ಮಾಡುವುದು ಈ ಬಗೆಯ ಶ್ರಮವೇ. "ಮೇಲೆ ಜೀಪಿನಲ್ಲಿ ಬಿಡುತ್ತೇವೆ, ಕೆಳಗೆ ನಡೆದುಕೊಂಡು ಹೋಗಲಿ" ಎಂದು ಕರುಣೆಯಿಂದಲೇ ಹೇಳುವವರು ನಮ್ಮಲ್ಲಿ ಬಹಳ. ತೋಟಕ್ಕೆ ಇಳಿಯುವ ಕಲ್ಲಿನ ಪಾವಟಿಗೆಗಳು ಮಳೆಗಾಲದಲ್ಲಿ ಪಾಚಿಗಟ್ಟಿದಾಗಂತೂ ಇಳಿಯುವುದು ಮತ್ತಷ್ಟು ಅಪಾಯ. ನಾವು ಅಂಗಳದಿಂದ ಬಚ್ಚಲಿನವರೆಗೆ ಎರಡೂ ಬದಿಗೆ ಅಡಿಕೆ ದಬ್ಬೆಯ ಹಿಡಿಕೆ ಕಟ್ಟಿದ್ದೇವೆ. ಪ್ರತಿ ವರ್ಷ ಮಳೆಗೆ ಮೊದಲು ಬದಲಾಯಿಸಬೇಕು, ಅಷ್ಟೇ. ಖರ್ಚೆಂದರೆ ಒಂದು ದಿನದ ಕೂಲಿ ಮತ್ತು ಹಗ್ಗ.

ಈಗ ಸಬರ್‌ನ ವಿಷಯಕ್ಕೆ ಬರೋಣ. ರೋಗಿಯನ್ನು ಸಂದರ್ಶಿಸುವುದು ನಮ್ಮ ಧರ್ಮದಲ್ಲಿ ಒಬ್ಬ ಮುಸ್ಲಿಮನಿಗೆ ಇನ್ನೊಬ್ಬನ ಮೇಲಿರುವ ಹಕ್ಕು. ಆದರೆ ಸಂದರ್ಶಿಸಲು ಬಂದವರ ಬಾಯಲ್ಲಿ ಸಬರ್ ಎಂಬ ಪದ ಎಷ್ಟು ಬೇಗ ಬರುತ್ತದೆ! ಸಬರ್ ಮಾಡು, ಇದು ಪರೀಕ್ಷೆ, ಈಮಾನ್ ಗಟ್ಟಿ ಇದ್ದರೆ ದೇಹವೂ ಗಟ್ಟಿಯಾಗುತ್ತದೆ. ಇನ್ನೂ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಫಜ್ರ್‌ಗೆ ಎದ್ದು ಓಡಾಡಿದರೆ ಸೋಮಾರಿತನ ತಾನಾಗಿಯೇ ಹೋಗುತ್ತದೆ ಎನ್ನುತ್ತಾರೆ. ಈ ಮಾತುಗಳಲ್ಲಿ ಮೊದಲನೆಯದು ಸತ್ಯ, ಕೊನೆಯದು ಅನ್ಯಾಯ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಸತ್ಯವೂ ಕಹಿಯಾಗುತ್ತದೆ. ಸಹನೆಯು ರೋಗಿ ತನ್ನ ಪ್ರಭುವಿನೊಂದಿಗೆ ಇಟ್ಟುಕೊಳ್ಳುವ ಸಂಬಂಧ. ಅದನ್ನು ಆತನಿಗೆ ಬೋಧಿಸಿ ಎದ್ದು ಹೋಗುವುದರಿಂದ ಬೋಧಿಸಿದವರ ಕರ್ತವ್ಯ ಮುಗಿಯುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಒಂದು ಪ್ರಸಿದ್ಧ ವಚನವನ್ನು ನಮ್ಮಲ್ಲಿ ಎಲ್ಲರೂ ಕೇಳಿದ್ದೇವೆ. ವಿಶ್ವಾಸಿಗೆ ತಗಲುವ ಪ್ರತಿಯೊಂದು ಸಂಕಟವೂ, ಚುಚ್ಚುವ ಒಂದು ಮುಳ್ಳು ಕೂಡ, ಆತನ ಪಾಪಗಳಿಗೆ ಪರಿಹಾರವಾಗುತ್ತದೆ ಎಂಬುದು ಅದರ ಆಶಯ. ಮುಳ್ಳಿನ ಮಾತನ್ನು ನಾವು ನೆನಪಿಡುತ್ತೇವೆ. ಆದರೆ ಆ ಪಟ್ಟಿಯಲ್ಲಿ ಮೊಟ್ಟಮೊದಲು ಬರುವ ಪದ ನಸಬ್, ಅಂದರೆ ದಣಿವು. ರೋಗ ಎರಡನೆಯದಾಗಿ ಬರುತ್ತದೆ. ದಣಿವನ್ನು ಒಂದು ಸಂಕಟವೆಂದು, ರೋಗದ ಪಕ್ಕದಲ್ಲಿ ನಿಲ್ಲಿಸಿ ಹೇಳಲಾಗಿದೆ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಇನ್ನೊಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳೆರಡರಲ್ಲೂ ಇದೆ. ಮಸೀದಿಯ ಎರಡು ಕಂಬಗಳ ನಡುವೆ ಹಗ್ಗವೊಂದನ್ನು ಕಟ್ಟಿದ್ದನ್ನು ಪ್ರವಾದಿವರ್ಯರು(ಸ) ಕಂಡರು. ಅದು ಝೈನಬ್(ರ)ರವರದೆಂದೂ, ನಮಾಝಿನಲ್ಲಿ ನಿಂತು ದಣಿದಾಗ ಅವರು ಅದನ್ನು ಹಿಡಿದುಕೊಳ್ಳುತ್ತಾರೆಂದೂ ತಿಳಿಯಿತು. ಪ್ರವಾದಿವರ್ಯರು ಆ ಹಗ್ಗವನ್ನು ಬಿಚ್ಚಿಸಿದರು. ಚೈತನ್ಯವಿರುವಷ್ಟು ಹೊತ್ತು ನಿಂತು ನಮಾಝ್ ಮಾಡಬೇಕು, ದಣಿದಾಗ ಕುಳಿತುಕೊಳ್ಳಬೇಕು ಎಂದರು. ಅವರು ಮಾತನಾಡುತ್ತಿದ್ದುದು ಆರೋಗ್ಯವಂತರ ದಣಿವಿನ ಬಗ್ಗೆ. ಹಾಗಿರುವಾಗ ಸ್ನಾಯುವೇ ಸವೆದವನನ್ನು "ಇನ್ನೂ ಸ್ವಲ್ಪ ಹೊತ್ತು ನಿಂತುಕೋ" ಎನ್ನಲು ನಮಗೆ ಯಾರು ಅಧಿಕಾರ ಕೊಟ್ಟರು?

ನಿಲ್ಲಲಾಗದವನು ಕುಳಿತು, ಕುಳಿತುಕೊಳ್ಳಲಾಗದವನು ಮಗ್ಗುಲಾಗಿ ಮಲಗಿ ನಮಾಝ್ ಮಾಡಬಹುದೆಂಬ ಅನುಮತಿಯನ್ನು ಇಮ್ರಾನ್ ಬಿನ್ ಹುಸೈನ್(ರ)ರವರಿಗೆ ಅವರ ಕಾಯಿಲೆಯ ಸಂದರ್ಭದಲ್ಲಿ ನೀಡಲಾಗಿತ್ತು. ಇದು ಮದ್ರಸದ ಮಗುವಿಗೂ ಗೊತ್ತು. ಗೊತ್ತಿದ್ದೂ ನಮ್ಮ ತಮ್ಮ ಹದಿನೇಳನೆಯ ವಯಸ್ಸಿನಲ್ಲಿ ಮಸೀದಿಯಲ್ಲಿ ಕುರ್ಚಿ ಹಾಕಿಕೊಂಡಾಗ ಹಿಂದಿನಿಂದ ಪಿಸುಮಾತು ಕೇಳಿಬಂತು. ಮುದುಕರು ಕುರ್ಚಿಯಲ್ಲಿ ಕುಳಿತರೆ ಗೌರವ, ಮೀಸೆ ಚಿಗುರುತ್ತಿರುವವನು ಕುಳಿತರೆ ನಗೆ. ಅನುಮತಿಗೆ ವಯಸ್ಸಿನ ಷರತ್ತು ಎಲ್ಲಿಯೂ ಇಲ್ಲ. ಆತ ಕೆಲವು ತಿಂಗಳು ಜುಮಾಕ್ಕೇ ಹೋಗಲಿಲ್ಲ. ಆಮೇಲೆ ಖತೀಬರು ಒಂದು ಶುಕ್ರವಾರ ಯಾರ ಹೆಸರನ್ನೂ ಎತ್ತದೆ ಈ ವಿಷಯವನ್ನೇ ಖುತ್ಬಾದಲ್ಲಿ ವಿವರಿಸಿದರು. ಮುಂದಿನ ವಾರ ಸಫ್ಫಿನ ತುದಿಯಲ್ಲಿ ಕುರ್ಚಿಯೊಂದು ತಾನಾಗಿಯೇ ಇತ್ತು. ಒಬ್ಬ ಆಲಿಮರ ಐದು ನಿಮಿಷಗಳ ಮಾತು ನಮ್ಮ ಐದು ವರ್ಷಗಳ ವಿವರಣೆಗಿಂತ ಹೆಚ್ಚು ಕೆಲಸ ಮಾಡಿತು. ಊರಿನ ಪ್ರತಿ ಮಸೀದಿಯ ಜವಾಬ್ದಾರರಲ್ಲಿ ನಮ್ಮ ವಿನಂತಿ ಇಷ್ಟೇ: ವರ್ಷಕ್ಕೊಮ್ಮೆಯಾದರೂ ಈ ಮಾತನ್ನು ಆಡಿರಿ, ವುಝೂ ಮಾಡುವಲ್ಲಿ ಬೆಂಚಿನೆತ್ತರದ ಒಂದು ಆಸನವನ್ನೂ ಗೋಡೆಗೆ ಒಂದು ಕಬ್ಬಿಣದ ಹಿಡಿಕೆಯನ್ನೂ ಹಾಕಿಸಿರಿ.

ಮದ್ರಸದ ಉಸ್ತಾದರಲ್ಲಿ ಮತ್ತು ತಾಯಂದಿರಲ್ಲಿಯೂ ಒಂದು ಮಾತು ಇದೆ. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗೋವರ್ಸ್ ಸ್ನಾಯುಗಳು ಸವೆಯುತ್ತಿರುವ ಮಕ್ಕಳು ನೆಲದಿಂದ ಏಳುವ ರೀತಿಯನ್ನು ವಿವರಿಸಿದರು. ಅವರು ಮೊದಲು ಕೈಗಳನ್ನು ನೆಲಕ್ಕೆ ಊರುತ್ತಾರೆ, ಬಳಿಕ ಮೊಣಕಾಲಿಗೆ, ಬಳಿಕ ತೊಡೆಗೆ, ಹೀಗೆ ತಮ್ಮ ಮೈಯನ್ನು ತಾವೇ ಹತ್ತುತ್ತಾ ನೆಟ್ಟಗಾಗುತ್ತಾರೆ. ಇಂದಿಗೂ ವೈದ್ಯರು ಇದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ದಿನಕ್ಕೆ ಐದು ಹೊತ್ತು ಮಕ್ಕಳು ಸುಜೂದ್‌ನಿಂದ ಏಳುವುದನ್ನು ಕಾಣುವ ಸಮುದಾಯ ನಮ್ಮದು. ಯಾವ ಶಾಲೆಯ ಆರೋಗ್ಯ ತಪಾಸಣೆಯೂ ಇಷ್ಟು ಚೆನ್ನಾಗಿ ಇದನ್ನು ಪತ್ತೆಹಚ್ಚಲಾರದು. ಐದಾರು ವರ್ಷದ ಮಗು ತೊಡೆ ಹಿಡಿದು ಏಳುತ್ತಿದ್ದರೆ, ಓಡುವಾಗ ಪದೇ ಪದೇ ಬೀಳುತ್ತಿದ್ದರೆ, ತುದಿಗಾಲಿನಲ್ಲಿ ನಡೆಯುತ್ತಿದ್ದರೆ ಬೆತ್ತ ತೋರಿಸದೆ ಮನೆಯವರಿಗೆ ತಿಳಿಸಿರಿ.

ಕಾಯಿಲೆಯ ಹೆಸರು ತಿಳಿಯುವುದಕ್ಕೇ ನಮಗೆ ನಾಲ್ಕು ವರ್ಷ ಹಿಡಿಯಿತು. ಆಪಾನ ರಕ್ತಪರೀಕ್ಷೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಅಂಶಗಳು ಹೆಚ್ಚಿದ್ದುದನ್ನು ಕಂಡು ಪಟ್ಟಣದ ವೈದ್ಯರೊಬ್ಬರು ಒಂದಿಡೀ ವರ್ಷ ಪಿತ್ತಜನಕಾಂಗಕ್ಕೆ ಔಷಧ ಕೊಟ್ಟರು. ಊರಿನವರು ಕಾಮಾಲೆಯ ಬೇರು ತಂದರು. ಆ ಅಂಶಗಳು ಹಾನಿಗೊಂಡ ಸ್ನಾಯುವಿನಿಂದಲೂ ರಕ್ತಕ್ಕೆ ಸೇರುತ್ತವೆ. ಕಣ್ಣು ಹಳದಿಯಾಗದೆ ಇವು ಮಾತ್ರ ಹೆಚ್ಚಿದ್ದು ತೊಡೆಯಲ್ಲಿ ಬಲವಿಲ್ಲದಿದ್ದರೆ, ಸಿಕೆ ಎಂಬ ಇನ್ನೊಂದು ಸರಳ ರಕ್ತಪರೀಕ್ಷೆ ದಾರಿ ತೋರುತ್ತದೆ. ಆರೋಗ್ಯವಂತರಲ್ಲಿ ಸುಮಾರು 200ರೊಳಗೆ ಇರುವ ಈ ಸಂಖ್ಯೆ ಆಪಾನಲ್ಲಿ ಸಾವಿರಗಳಲ್ಲಿತ್ತು. ಆ ಚೀಟಿ ಹಿಡಿದುಕೊಂಡು ತಾಳಗುಪ್ಪದಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದೆವು. ನಿಮ್ಹಾನ್ಸ್ ಎಂದೊಡನೆ ಸಂಬಂಧಿಕರಲ್ಲಿ ಕೆಲವರ ಮುಖ ಬದಲಾಯಿತು, ಅದು ಮಾನಸಿಕ ರೋಗಿಗಳ ಆಸ್ಪತ್ರೆ ಮಾತ್ರ ಎಂದು ತಿಳಿದವರು ಇನ್ನೂ ಇದ್ದಾರೆ. ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಅದರ ಆವರಣದ ತರಬೇತಿ ಸಂಸ್ಥೆಯನ್ನೂ 1974ರಲ್ಲಿ ಒಂದುಗೂಡಿಸಿ ಈ ಸಂಸ್ಥೆಯನ್ನು ರೂಪಿಸಿದ್ದು ನಿಜ. ನರ ಮತ್ತು ಸ್ನಾಯುಗಳ ಕಾಯಿಲೆಗೆ ಇಡೀ ದಕ್ಷಿಣ ಭಾರತದ ಜನ ಹೋಗುವುದೂ ಅಲ್ಲಿಗೇ.

ಅಲ್ಲಿನ ಕಾಯುವ ಸಾಲಿನಲ್ಲಿ ಕುಳಿತು ನಾವು ಕಲಿತದ್ದು ಬಹಳ. ದಣಿವೆಲ್ಲವೂ ಒಂದೇ ಅಲ್ಲ ಎಂಬುದು ಅದರಲ್ಲಿ ಮುಖ್ಯವಾದುದು. ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ಸ್ನಾಯು ಸವೆದಿರುವುದಿಲ್ಲ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯೇ ತಡೆಯುತ್ತದೆ. ಬೆಳಿಗ್ಗೆ ಚೆನ್ನಾಗಿದ್ದವರಿಗೆ ಸಂಜೆ ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಊಟದ ಕೊನೆಯ ತುತ್ತುಗಳನ್ನು ಜಗಿಯಲಾಗುವುದಿಲ್ಲ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಬಹುತೇಕರು ಸಹಜ ಜೀವನ ನಡೆಸುತ್ತಾರೆ. ಆದರೆ ಇದರ ಮುಖ್ಯ ಮಾತ್ರೆಯ ಪ್ರಭಾವ ಕೆಲವೇ ಗಂಟೆಗಳದ್ದು; ದಿನಕ್ಕೆ ಮೂರು ನಾಲ್ಕು ಬಾರಿ ನುಂಗಬೇಕು. ರಮಝಾನಿನಲ್ಲಿ ಸಹರಿಯಿಂದ ಇಫ್ತಾರಿನವರೆಗೆ ಅದನ್ನು ಬಿಡುವುದು ಎಂದರೆ ಕೆಲವರಿಗೆ ಉಸಿರಾಟವೇ ಕುಸಿಯುವ ಅಪಾಯ. ವೈದ್ಯರನ್ನೂ ಆಲಿಮರನ್ನೂ ಕೇಳದೆ ಹಟ ಹಿಡಿದು ಉಪವಾಸವಿರುವುದನ್ನು ಭಕ್ತಿಯೆಂದು ಕೊಂಡಾಡಬಾರದು. ಗುಣವಾಗದ ಕಾಯಿಲೆಯವನಿಗೆ ದಿನಕ್ಕೊಬ್ಬ ಬಡವನಿಗೆ ಊಟ ಕೊಡುವ ಫಿದ್ಯಾದ ದಾರಿ ತೆರೆದಿಟ್ಟದ್ದು ಅಲ್ಲಾಹನೇ. ಈ ಕಾಯಿಲೆಯವರು ಇನ್ನೂ ಒಂದು ಎಚ್ಚರ ವಹಿಸಬೇಕು: ಜೆಂಟಾಮೈಸಿನ್, ಸಿಪ್ರೊಫ್ಲಾಕ್ಸಾಸಿನ್‌ನಂತಹ ಸಾಮಾನ್ಯ ಔಷಧಗಳು ಕೂಡ ಇವರ ಬಲವನ್ನು ಹಠಾತ್ತನೆ ಕುಗ್ಗಿಸಬಲ್ಲವು. ಕಾಯಿಲೆಯ ಹೆಸರು ಬರೆದ ಚೀಟಿಯೊಂದು ಸದಾ ಜೇಬಿನಲ್ಲಿರಲಿ. ಡಿಸ್ಟ್ರೊಫಿ ಇರುವವರಿಗೂ ಈ ಮಾತು ಅನ್ವಯಿಸುತ್ತದೆ, ಯಾವ ಶಸ್ತ್ರಚಿಕಿತ್ಸೆಗೆ ಮೊದಲೂ ಅರಿವಳಿಕೆ ಕೊಡುವ ವೈದ್ಯರಿಗೆ ಇದನ್ನು ಹೇಳಲೇಬೇಕು. ಕೆಲವು ಅರಿವಳಿಕೆ ಔಷಧಗಳು ಇಂತಹ ಸ್ನಾಯುಗಳಿಗೆ ಪ್ರಾಣಾಪಾಯ ತರುತ್ತವೆ.

ನಮ್ಮ ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕಾಗಿದೆ. ತೊಡೆನೋವು, ಸೊಂಟನೋವು, ಮಣೆಯಿಂದ ಏಳಲಾಗದ ಬಲಹೀನತೆಗೆ ವಿಟಮಿನ್ ಡಿ ಕೊರತೆಯೂ ಥೈರಾಯ್ಡ್ ದೋಷವೂ ಕಾರಣವಾಗಬಹುದು. ಮನೆಯೊಳಗೇ ದುಡಿಯುವ, ಹೊರಗೆ ಪೂರ್ಣವಾಗಿ ಮೈಮುಚ್ಚಿಕೊಳ್ಳುವ ಮಹಿಳೆಯರಲ್ಲಿ, ಅದೂ ತಿಂಗಳುಗಟ್ಟಲೆ ಬಿಸಿಲು ಕಾಣದ ಮಲೆನಾಡಿನಲ್ಲಿ, ಮೊದಲನೆಯದು ಅಪರೂಪವಲ್ಲ. ಪರ್ದಾ ಇದಕ್ಕೆ ಅಡ್ಡಿಯಾಗಬೇಕಿಲ್ಲ. ಹಿತ್ತಲಿನ ಬಿಸಿಲು ಇದೆ, ಅಗ್ಗದ ಮಾತ್ರೆಗಳಿವೆ. ಇವೆರಡೂ ಚಿಕಿತ್ಸೆಯಿಂದ ಹತೋಟಿಗೆ ಬರುವಂಥವು. ಆದ್ದರಿಂದ ಎರಡು ತಪ್ಪುಗಳಿಂದ ದೂರವಿರಬೇಕು: ದಣಿವೆಂದವಳಿಗೆಲ್ಲ ದೊಡ್ಡ ಕಾಯಿಲೆ ಇದೆಯೆಂದು ಹೆದರಿಸುವುದು ಒಂದು, ಎಲ್ಲ ಹೆಂಗಸರಿಗೂ ಇದು ಇದ್ದದ್ದೇ ಎಂದು ಪರೀಕ್ಷೆಯನ್ನೇ ಮಾಡಿಸದಿರುವುದು ಇನ್ನೊಂದು. ಎರಡನೆಯದು ನಮ್ಮಲ್ಲಿ ಹೆಚ್ಚು. ಗಂಡಸಿಗೆ ಸುಸ್ತಾದರೆ ಆಸ್ಪತ್ರೆ, ಹೆಂಗಸಿಗೆ ಸುಸ್ತಾದರೆ ಅತ್ತೆಯ ಮುಖಭಾವ.

ದಿನ ಹೇಗೆ ಸಾಗುತ್ತದೆ ಎಂದು ಕೇಳುವವರಿದ್ದಾರೆ. ಶಕ್ತಿಯನ್ನು ತಿಂಗಳ ಸಂಬಳದಂತೆ ಎಣಿಸಿ ಖರ್ಚು ಮಾಡಬೇಕು. ಆಪಾ ಸ್ನಾನ ಮಾಡುವ ದಿನ ರೊಟ್ಟಿ ತಟ್ಟುವುದಿಲ್ಲ. ಒಲೆಯ ಪಕ್ಕಕ್ಕೆ ಎತ್ತರದ ಸ್ಟೂಲು ಬಂದಿದೆ, ದಸ್ತರ್‌ಖಾನ್ ನೆಲದಿಂದ ಮೇಜಿಗೆ ಏರಿದೆ, ಅದರಿಂದ ಯಾವ ಸುನ್ನತ್ತೂ ಕೆಟ್ಟಿಲ್ಲವೆಂದು ಅಜ್ಜಿಗೆ ಮನವರಿಕೆ ಮಾಡಲು ಮಾತ್ರ ಸ್ವಲ್ಪ ಸಮಯ ಬೇಕಾಯಿತು. ಪೂರ್ಣ ವಿಶ್ರಾಂತಿಯೂ ಒಳ್ಳೆಯದಲ್ಲ. ಬಳಸದ ಸ್ನಾಯು ಇನ್ನೂ ಬೇಗ ಸೋಲುತ್ತದೆ, ಕೀಲು ಗಟ್ಟಿಯಾಗುತ್ತದೆ. ಸಮತಟ್ಟಿನಲ್ಲಿ ಸ್ವಲ್ಪ ನಡಿಗೆ, ಕೈಕಾಲುಗಳನ್ನು ನಿಧಾನವಾಗಿ ಎಳೆದು ಸಡಿಲಿಸುವುದು, ನೋವಾಗುವ ಮೊದಲೇ ನಿಲ್ಲಿಸುವುದು ಎಂದು ಅವಳಿಗೆ ಕಲಿಸಲಾಗಿದೆ. ಇಂದು ಮಾಡಿದ ವ್ಯಾಯಾಮದ ನೋವು ನಾಳೆಯೂ ಉಳಿದರೆ ಅದು ಹೆಚ್ಚಾಯಿತೆಂದು ಅರ್ಥ. ಬಿಸಿ ನೀರಿನಿಂದ ಹಿತವಾಗುತ್ತದೆ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು ಹಾನಿ. ಹೆಸರಿಲ್ಲದ ನೋವಿನ ಪುಡಿಗಳಂತೂ ಬೇಡವೇ ಬೇಡ. ಅವುಗಳಲ್ಲಿ ಸ್ಟೆರಾಯ್ಡ್ ಅಡಗಿದ್ದರೆ ಮೊದಲ ವಾರ ಹುರುಪು ಬರುತ್ತದೆ, ವರ್ಷ ಕಳೆಯುವಷ್ಟರಲ್ಲಿ ಇದ್ದ ಸ್ನಾಯುವೂ ಕರಗುತ್ತದೆ. ಬೆಳಿಗ್ಗೆ ತಲೆನೋವಿನೊಂದಿಗೆ ಏಳುವುದು, ಹಗಲೆಲ್ಲ ತೂಕಡಿಸುವುದು ಕಂಡುಬಂದರೆ ರಾತ್ರಿ ಉಸಿರಾಟದ ಸ್ನಾಯುಗಳು ಸೋಲುತ್ತಿರಬಹುದು. ಆ ದಣಿವಿಗೆ ಮೂಗಿಗೆ ಹಾಕುವ ಉಸಿರಿನ ಯಂತ್ರದಿಂದ ಬಹಳಷ್ಟು ಪರಿಹಾರವಿದೆ. ನಮ್ಮ ತಮ್ಮನ ವಿಷಯದಲ್ಲಿ ಇದನ್ನೇ ಬಹಳ ದಿನ ಸೋಮಾರಿತನವೆನ್ನಲಾಗಿತ್ತು.

ಸರಕಾರದ ಕಾಗದಗಳಲ್ಲಿ ಈ ಕಾಯಿಲೆಗೆ ಜಾಗ ಸಿಕ್ಕಿದ್ದು ತಡವಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿ ಮಸ್ಕ್ಯುಲರ್ ಡಿಸ್ಟ್ರೊಫಿಯನ್ನು ಹೆಸರಿಸಿ ಸೇರಿಸಿತು. ಹಳೆಯ 1995ರ ಕಾಯ್ದೆಯಲ್ಲಿ ಆ ಹೆಸರಿರಲಿಲ್ಲ. ಶೇ. 40ರಷ್ಟು ವೈಕಲ್ಯವೆಂದು ಪ್ರಮಾಣಪತ್ರ ದೊರೆತರೆ ಯುಡಿಐಡಿ ಕಾರ್ಡು, ಅದರಿಂದ ಮಾಸಾಶನ ಮತ್ತು ಮೀಸಲಾತಿಯ ದಾರಿ. ತೊಂದರೆ ಎಂದರೆ ಪರೀಕ್ಷಿಸುವವರು ಬಲವನ್ನು ಒಮ್ಮೆ ಅಳೆಯುತ್ತಾರೆ. ಬೆಳಿಗ್ಗೆ ಹತ್ತು ಗಂಟೆಗೆ ಕೈ ಎತ್ತಿದವನು ಹತ್ತನೆಯ ಬಾರಿ ಎತ್ತಬಲ್ಲನೇ ಎಂದು ಕೇಳುವ ಅಂಕಣ ಆ ಅರ್ಜಿಯಲ್ಲಿ ಇಲ್ಲ. ಆದರೂ ಅರ್ಜಿ ಹಾಕಿರಿ. ಮಗಳ ಮದುವೆಗೆ ಅಡ್ಡಿಯಾದೀತೆಂದು ಕಾರ್ಡು ಮಾಡಿಸದ ಮನೆಗಳನ್ನು ನಾವು ಬಲ್ಲೆವು.

ದಾನಧರ್ಮದ ವಿಷಯದಲ್ಲಿ ನಮ್ಮ ಸಮುದಾಯ ಜಿಪುಣವಲ್ಲ. 2021ರಲ್ಲಿ ಕಣ್ಣೂರು ಜಿಲ್ಲೆಯ ಒಂದು ಮಗುವಿಗೆ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿಗೆ 18 ಕೋಟಿ ರೂಪಾಯಿಗಳ ಒಂದು ಚುಚ್ಚುಮದ್ದು ಬೇಕಾದಾಗ ಕೆಲವೇ ದಿನಗಳಲ್ಲಿ 46 ಕೋಟಿಗೂ ಹೆಚ್ಚು ಹಣ ಹರಿದುಬಂತು. ಎಲ್ಲ ಧರ್ಮದವರೂ ಕೊಟ್ಟರು, ಕೊಲ್ಲಿಯಲ್ಲಿ ದುಡಿಯುವವರು ಕೊಟ್ಟರು. ಅದನ್ನು ನೆನೆದರೆ ಇಂದಿಗೂ ಹೃದಯ ತುಂಬುತ್ತದೆ. ಅದೇ ಕೈಗಳಿಗೆ ಪಕ್ಕದ ಬೀದಿಯ ಮನೆಗೆ ಒಂದು ಕುಳಿತುಕೊಳ್ಳುವ ಕಮೋಡು, ಒಂದು ಗಾಲಿಕುರ್ಚಿ, ವರ್ಷಕ್ಕೆರಡು ಬಾರಿ ಬೆಂಗಳೂರಿಗೆ ಹೋಗಿಬರುವ ಖರ್ಚು ಕಾಣಿಸುವುದಿಲ್ಲ. ಚುಚ್ಚುಮದ್ದಿಗೆ ಒಂದು ಕೊನೆಯ ದಿನಾಂಕ ಇರುತ್ತದೆ, ವೀಡಿಯೊ ಇರುತ್ತದೆ. ಮೂವತ್ತು ವರ್ಷ ಎಳೆಯುವ ದಣಿವಿಗೆ ವೀಡಿಯೊ ಮಾಡುವುದು ಹೇಗೆ? ಝಕಾತ್ ಸಮಿತಿಗಳು ಇದನ್ನು ಯೋಚಿಸಬೇಕು. ರಮಝಾನಿನ ಕಿಟ್ ಹಂಚುವಾಗ ಬಾಗಿಲಿಗೆ ಬರಲು ಹೆಚ್ಚು ಹೊತ್ತು ತೆಗೆದುಕೊಂಡ ಮನೆಯ ಮುಂದೆ ಸ್ವಲ್ಪ ನಿಲ್ಲಬೇಕು.

ಕೊನೆಯದಾಗಿ, ಯಾರೂ ಎತ್ತಲು ಬಯಸದ ಮಾತು. ನಮ್ಮ ತಂದೆತಾಯಿ ಸೋದರ ಸಂಬಂಧಿಗಳು. ಕಾಯಿಲೆ ಇಬ್ಬರಲ್ಲಿ ಕಂಡಾಗ ದೂಷಣೆ ಬಿದ್ದದ್ದು ಅಮ್ಮಿಯ ಮೇಲೆ, ಅವರ ಕಾಲ್ಗುಣದ ಮೇಲೆ. ವಿಜ್ಞಾನ ಹೇಳುವುದು ಬೇರೆ. ಈ ಬಗೆಯ ಡಿಸ್ಟ್ರೊಫಿ ಬರಬೇಕಾದರೆ ದೋಷವಿರುವ ಜೀನ್ ತಂದೆ ಮತ್ತು ತಾಯಿ ಇಬ್ಬರಿಂದಲೂ ಬರಬೇಕು. ಇಬ್ಬರೂ ಆರೋಗ್ಯವಂತ ವಾಹಕರು. ಅಂತಹ ದಂಪತಿಯ ಪ್ರತಿ ಗರ್ಭದಲ್ಲಿಯೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳು ಮದುವೆಯಾದಾಗ ಇಬ್ಬರಲ್ಲೂ ಒಂದೇ ದೋಷ ಇರುವ ಸಂಭವ ಹೆಚ್ಚುತ್ತದೆ. ಹಾಗೆಂದು ಸಂಬಂಧದೊಳಗಿನ ಮದುವೆಗಳೆಲ್ಲ ದುರಂತವೆನ್ನುವುದು ತಪ್ಪು: ಯಾವುದೇ ದಂಪತಿಯ ಮಗುವಿಗೆ ಹುಟ್ಟಿನಿಂದ ಗಂಭೀರ ತೊಂದರೆ ಬರುವ ಸಾಧ್ಯತೆ ಸುಮಾರು ಶೇ. 2ರಿಂದ 3 ಇದ್ದರೆ, ಮೊದಲ ಸೋದರ ಸಂಬಂಧಿಗಳಲ್ಲಿ ಅದು ಸುಮಾರು ಎರಡು ಪಟ್ಟು. ಹೆಚ್ಚಿನ ಮನೆಗಳಲ್ಲಿ ಏನೂ ಆಗುವುದಿಲ್ಲ. ಕರ್ನಾಟಕದಲ್ಲಿ ಇದು ನಮ್ಮ ಧರ್ಮದವರ ಪದ್ಧತಿ ಮಾತ್ರವೂ ಅಲ್ಲ, ಸೋದರಮಾವನಿಗೇ ಮಗಳನ್ನು ಕೊಡುವ ಮನೆಗಳು ಈ ನಾಡಿನಲ್ಲಿ ಬೇಕಾದಷ್ಟಿವೆ. ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಕೀಲು ಮತ್ತು ಮೂಳೆಗಳನ್ನು ಹಿಂಡುವ ಕಾಯಿಲೆಯೊಂದು ಬೆಳಕಿಗೆ ಬಂದಾಗ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಊಹೆಯೂ ಇತ್ತು. ಅದು ಬೇರೆಯೇ ಬಗೆಯ, ಆದರೆ ವಂಶವಾಹಿಯಾಗಿಯೇ ಬರುವ ಕಾಯಿಲೆಯೆಂದು ಆಮೇಲೆ ತಿಳಿಯಿತು. ಬಡವರ ತಟ್ಟೆಯ ಮೇಲೆ ಅಥವಾ ಸೊಸೆಯ ಕಾಲಿನ ಮೇಲೆ ಕಾರಣ ಹುಡುಕುವುದು ಮನುಷ್ಯರ ಹಳೆಯ ಚಾಳಿ.

ಸೋದರ ಸಂಬಂಧದಲ್ಲಿ ನಿಕಾಹ್‌ಗೆ ಅನುಮತಿ ಇದೆ, ಆಜ್ಞೆ ಇಲ್ಲ. ಕುಟುಂಬದಲ್ಲಿ ಇಂತಹ ಕಾಯಿಲೆ ಇದೆಯೆಂದು ತಿಳಿದ ಮೇಲೆ ಅದನ್ನು ಮುಚ್ಚಿಟ್ಟು ಸಂಬಂಧ ಬೆಳೆಸುವುದು ಎದುರಿನವರ ಹಕ್ಕನ್ನು ಕಸಿದಂತೆ ಎಂದು ನಾವು ದೃಢವಾಗಿ ನಂಬುತ್ತೇವೆ. ಮನೆಯ ಒಬ್ಬರಲ್ಲಿ ದೋಷವಿರುವ ಜೀನ್ ಯಾವುದೆಂದು ಗೊತ್ತಾಗಿದ್ದರೆ ಉಳಿದವರು ವಾಹಕರೇ ಎಂದು ತಿಳಿಯಲು ಸ್ವಲ್ಪ ರಕ್ತ ಸಾಕು. ನಿಮ್ಹಾನ್ಸ್‌ನಲ್ಲಿಯೂ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಲ್ಲಿಯೂ ಈ ಬಗ್ಗೆ ಕುಳಿತು ವಿವರಿಸುವವರಿದ್ದಾರೆ. ನಮ್ಮ ಮನೆಯ ಕಾಯಿಲೆಯಿಲ್ಲದ ಮೂವರಲ್ಲಿ ಪ್ರತಿಯೊಬ್ಬರೂ ವಾಹಕರಾಗಿರುವ ಸಾಧ್ಯತೆ ಮೂರರಲ್ಲಿ ಎರಡು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ನಡುವಿನ ತಮ್ಮನಿಗೆ ಮಾಮಾನ ಮಗಳ ಸಂಬಂಧದ ಮಾತು ಈ ವರ್ಷ ಬಂದಿದೆ. ಎರಡೂ ಕಡೆಯವರು ಕುಳಿತು ಮಾತನಾಡಿದೆವು, ಮಾಮಾ ಮೊದಲು ಎದ್ದು ಹೋದರು, ಮೂರನೆಯ ದಿನ ತಾವಾಗಿಯೇ ಬಂದರು. ಹುಡುಗ ಮತ್ತು ಹುಡುಗಿ ಇಬ್ಬರ ರಕ್ತವನ್ನೂ ಕೊಟ್ಟು ಬಂದಿದ್ದೇವೆ. ವರದಿ ಬರಲು ಇನ್ನೂ ಕೆಲವು ವಾರ ಇದೆ, ಮಾಮಾ ಎರಡು ದಿನಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ.